ನಂಬರು ಸವೆದ ಗಂಟೆ

ಲಾಲಬೀ ಹಿತ್ತಾಳೆ ಗಂಟೆಯನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. ಮನೆಗೆ ಬಂದವರಿಗೆ ಮಾಸಿದ್ದನ್ನು ತೋರಿಸುವ ಹೆಂಗಸಲ್ಲ ಅವಳು, ಬಂದವರು ರೈಲ್ವೆ ಪೊಲೀಸರಾದರೂ ಸರಿ.

ಕೊಪ್ಪಳದ ಈ ಎರಡು ಕೋಣೆಯ ಮನೆಗೆ ಬರುವ ಮುಂಚೆ ಹನ್ನೊಂದು ವರ್ಷ ಅವಳು ಗಿಣಿಗೇರಾ ಹತ್ತಿರದ ರೈಲ್ವೆ ಗೇಟಿನ ಪಕ್ಕ ಸಂಸಾರ ಮಾಡಿದ್ದಳು. ಗಂಡ ಬಡೇಸಾಬ ಗೇಟ್‌ಮನ್. ಅವನಿಗೆ ಜ್ವರ ಬಂದ ದಿನ ಕಂಕುಳಲ್ಲಿ ಕೂಸು, ಕೈಯಲ್ಲಿ ಹಸಿರು ಬಾವುಟ ಹಿಡಿದು ನಿಂತವಳು ಇವಳೇ. ಮೀಟರ್‌ಗೇಜ್ ಹಳಿ ಕಿತ್ತ ವರ್ಷ ಹಳೇ ಸಾಮಾನು ಹರಾಜಿಗೆ ಬಂತು. ಉಳಿದವರು ಕಬ್ಬಿಣಕ್ಕೆ ಮುಗಿಬಿದ್ದರೆ ಬಡೇಸಾಬ ಸ್ಟೇಷನ್ನಿನ ಗಂಟೆ ಹಿಡಿದು ಮನೆಗೆ ಬಂದ. ಅವನು ತೀರಿ ಈಗ ಆರು ವರ್ಷ.

ಮಗಳು ಮುನ್ನಿ, ಇದು ಎಷ್ಟು ಹಳೆಯದೆಂದು ಕೇಳಲು, ಗಂಗಾವತಿಯ ಹಳೇ ಸಾಮಾನು ಸಂಗ್ರಹಿಸುವವನೊಬ್ಬನಿಗೆ ಫೋಟೊ ಕಳಿಸಿದ್ದಳು. ಕಳೆದ ವಾರ ಅವನ ಮನೆಯಲ್ಲಿ ಕದ್ದ ರೈಲ್ವೆ ಲಾಟೀನುಗಳು ಸಿಕ್ಕವು. ಅವನ ಫೋನಿನಲ್ಲಿ ಈ ಗಂಟೆಯ ಫೋಟೊ.

ಸಬ್ ಇನ್‌ಸ್ಪೆಕ್ಟರ್ ಶರಣಬಸಪ್ಪ ಹರಾಜಿನ ಚೀಟಿ ಓದಿದ.

"ಚೀಟಿ ಖರೇ ಐತಿ. ಗಂಟಿ, ನಂಬರ್ ನಾಲ್ಕನೂರಾ ಹದಿನೇಳು." ಗಂಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅಂಚು ನುಣ್ಣಗಿತ್ತು. "ನಂಬರ್ ಎಲ್ಲೈತಿ ಅವ್ವಾ? ಯಾರೋ ಉಜ್ಯಾರಲ್ಲ!"

"ಯಾರೋ ಯಾಕ್ರಿ, ನಾನ ಉಜ್ಜೀನಿ," ಎಂದಳು ಲಾಲಬೀ ಹೆಮ್ಮೆಯಿಂದ. "ಗುರುವಾರಕ್ಕೊಮ್ಮೆ ಹುಣಸಿಹಣ್ಣು, ಇಟ್ಟಂಗಿ ಪುಡಿ. ಈ ಓಣ್ಯಾಗ ಯಾರ ಮನಿ ಹಿತ್ತಾಳಿ ಹಿಂಗ ಹೊಳಿತೈತಿ, ತೋರಸ್ರಿ ನೋಡೂಣು!"

ಮುನ್ನಿ ತಾಯಿಯ ಮೊಣಕೈ ಹಿಂಡಿದಳು. ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪೆನ್ನೆತ್ತಿ ಸಾಹೇಬನ ಮುಖ ನೋಡಿದ.

"ಕಳ್ಳರೂ ಮೊದಲ ನಂಬರ್ ಉಜ್ಜತಾರ ಅವ್ವಾ. ರೈಲ್ವೆ ಮಾಲು ನಿಮ್ಮ ಕಡೆ ಸಿಕ್ರ, ಅದು ಹೆಂಗ ಬಂತು ಅಂತ ನೀವ ತೋರಸಬೇಕು. ಈ ಚೀಟಿ ಇದ ಗಂಟಿದು ಅಂತ ನಾ ಹೆಂಗ ಬರೀಲಿ?"

ಮೂವತ್ತು ವರ್ಷ ತಿಕ್ಕಿದ ಕೈಗಳನ್ನು ಲಾಲಬೀ ಮಡಿಲಲ್ಲಿ ಮುಚ್ಚಿಕೊಂಡಳು.

ಶರಣಬಸಪ್ಪ ದನಿ ತಗ್ಗಿಸಿದ. "ಇದು ನಮ್ಮದಲ್ಲ ಅಂತ ಬರಕೊಟ್ಟು ನೀವಾಗೇ ಒಪ್ಪಿಸಿಬಿಡ್ರಿ. ಇಲ್ಲೇ ಮುಗದ್ರೂ ಮುಗೀಬಹುದು."

"ಕೊಟ್ಟಬಿಡಮ್ಮಾ," ಎಂದಳು ಮುನ್ನಿ. "ಈ ವಯಸ್ಸಿನ್ಯಾಗ ಕೋರ್ಟು ಯಾಕ?"

"ನಮ್ಮದಲ್ಲ ಅಂದ್ರ ನಿಮ್ಮಬ್ಬಾ ಕಳ್ಳ ಅಂದಂಗಾತು."

"ಅಬ್ಬಾನ್ನ ಯಾರೂ ಜೇಲಿಗೆ ಒಯ್ಯಾಂಗಿಲ್ಲ. ನಿನ್ನ ಒಯ್ತಾರ!"

"ಅವರಿಗೆ ಎದ್ದು ಬಂದು ಮಾತಾಡಾಕ ಬರೂದಿಲ್ಲಂತ ಹಿಂಗಂತಿ?"

ಮುನ್ನಿ ಅತ್ತಳು. ಲಾಲಬೀ ಕಾನ್‌ಸ್ಟೇಬಲನ ಕಡೆ ತಿರುಗಿದಳು. "ಬರಕೋಪಾ. ಗಂಟಿ ನಮ್ಮ ಯಜಮಾನ್ರದು. ಹರಾಜಿನ್ಯಾಗ ತಗೊಂಡಿದ್ದು. ನಂಬರ್ ಉಜ್ಜಿದ್ದು ಅವರಲ್ಲ, ನಾನು."

"ಈ ಮಾತು ನಿಮ್ಮ ಕುತ್ತಿಗಿಗೆ ಬರತೈತಿ, ಅವ್ವಾ," ಎಂದ ಶರಣಬಸಪ್ಪ.

"ಬರ್ಲಿ. ಕುತ್ತಿಗಿ ನನ್ನದ ಐತಲ್ಲ."

ಬರೆದದ್ದನ್ನು ಓದಿಸಿ ಕೇಳಿದಳು. ಹರಾಜಿನ ಮಾತು ಬಿಟ್ಟುಹೋಗಿತ್ತು. ಸೇರಿಸುವವರೆಗೆ ಪೆನ್ನು ಮುಟ್ಟಲಿಲ್ಲ. ಮುನ್ನಿಯಿಂದ ಚೀಟಿಯ ಫೋಟೊ ತೆಗೆಸಿ, ಗಂಟೆಗೂ ಚೀಟಿಗೂ ರಸೀದಿ ಇಸಿದುಕೊಂಡ ಮೇಲೆ ಸಹಿ ಮಾಡಿದಳು.

"ಹದಿನಾಲ್ಕನೇ ತಾರೀಖು ವಿಚಾರಣೆಗೆ ಹುಬ್ಬಳ್ಳಿಗೆ ಬರ್ರಿ," ಎಂದು ಶರಣಬಸಪ್ಪ ಎದ್ದ. ಗಂಟೆಯನ್ನು ಚೀಲದಲ್ಲಿಟ್ಟು ಒಯ್ದರು.

ಜೀಪು ಓಣಿ ದಾಟುವವರೆಗೆ ಲಾಲಬೀ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು. ಆಮೇಲೆ ಗಂಟೆಯಿದ್ದ ಕಟ್ಟೆಯ ಮೇಲೆ ಬಂದು ಕೂತಳು.

"ಮುಂಜಾನಿ ಗಾಡಿ ಎಷ್ಟಕ್ಕೈತಿ ನೋಡು," ಎಂದಳು ಮಗಳಿಗೆ. "ನೀನೂ ಬರಬೇಕು. ಫೋಟೊ ಕಳಿಸಿದಾಕಿ ನೀನ."