ಗೆರೆ ಬಿಟ್ಟು ಖಾನಾವಳಿ ಸರಿಸಿದ್ದು

ಹೊಸಪೇಟೆಯಲ್ಲಿ ನಕ್ಷೆ ಮಾಡಿಕೊಡುವ ಒಂದು ಖಾಸಗಿ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೆ. ಒಮ್ಮೆ ನಮ್ಮ ಸಾಫ್ಟ್‌ವೇರ್ ಡಿಗ್ರಿಯಲ್ಲಿದ್ದ ಅಂಕಿಗಳನ್ನು ಮೀಟರ್ ಎಂದು ತಿಳಿದು ಇಡೀ ಕಂಪ್ಲಿಯನ್ನು ಸಮುದ್ರದ ನಡುವೆ ಇಳಿಸಿತ್ತು. ಅಂಥ ತಪ್ಪಿನಿಂದ ಯಾರಿಗೂ ತೊಂದರೆಯಿಲ್ಲ. ಎಲ್ಲರೂ ನಗುತ್ತಾರೆ, ಯೂನಿಟ್ ಬದಲಿಸಿದರೆ ಊರು ವಾಪಸ್ ಬರುತ್ತದೆ. ನನಗೆ ಭಯವಿರುವುದು ಸ್ವಲ್ಪವೇ ತಪ್ಪಿದ ನಕ್ಷೆಯದು. ನೋಡಲು ಅದು ಸರಿಯಾಗಿಯೇ ಇರುತ್ತದೆ.

ಹಂಪಿ ರಸ್ತೆಯಲ್ಲಿ ಖಾನಾವಳಿ ನಡೆಸುವ ಅಕ್ಕನನ್ನು ಒಕ್ಕಲೆಬ್ಬಿಸಲು ಹೊರಟಿದ್ದು ಅಂಥದೇ ನಕ್ಷೆ. ಸ್ಮಾರಕಗಳ ಸುತ್ತ ಎಳೆದ ಗೆರೆಯೊಳಗೆ ಅಂಗಡಿ ಇರುವಂತಿಲ್ಲ. ನಾವು ಮಾಡಿದ ನಕ್ಷೆಯಲ್ಲಿ ಆಕೆಯ ಖಾನಾವಳಿ ಗೆರೆಯ ಒಳಗಿತ್ತು. ನೋಟಿಸ್ ಹಿಡಿದುಕೊಂಡು ಬಂದಳು.

"ಹೋದ ಸಲ ಅಳದಾಗ ಹೊರಗಿದ್ದೆ ತಮ್ಮಾ. ನಾ ಅಂತೂ ಎಲ್ಲೂ ಹೋಗಿಲ್ಲ. ಗೆರಿನ ನನ್ ಕಡೆ ಬಂತೇನು?"

ಬಂದಿತ್ತು. ಗೆರೆಯನ್ನು ಹಳೆಯ ಕಾಗದದ ನಕ್ಷೆಯಿಂದ ತೆಗೆದುಕೊಂಡಿದ್ದರು, ಅಂಗಡಿಗಳನ್ನು ಜಿಪಿಎಸ್‌ನಲ್ಲಿ ಅಳೆದಿದ್ದರು. ಭೂಮಿಯ ಗುಂಡುತನಕ್ಕೆ ಆಗಿನ ಲೆಕ್ಕ ಬೇರೆ, ಈಗಿನದು ಬೇರೆ. ಯಾವುದಕ್ಕೆ ಯಾವ ಲೆಕ್ಕ ಎಂದು ಸಾಫ್ಟ್‌ವೇರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದ ಕೂಡಲೇ ಗೆರೆ ಪಕ್ಕಕ್ಕೆ ಸರಿದು ಖಾನಾವಳಿ ಹೊರಗುಳಿಯಿತು. ಖುಷಿಯಿಂದ ನಮ್ಮ ಕಚೇರಿಯ ಮಾಲೀಕರನ್ನು ಕರೆದೆ.

ಅವರು ನೋಡಿದ್ದು ಗೆರೆಯ ಆಚೆ ಬದಿಯನ್ನು. ಈ ಕಡೆ ಖಾನಾವಳಿಯನ್ನು ಬಿಟ್ಟ ಗೆರೆ ಆ ಕಡೆ ಅವರ ಬೀಗರ ಲಾಡ್ಜನ್ನು ಒಳಗೆ ಹಾಕಿಕೊಂಡಿತ್ತು.

"ಗೆರಿ ಮುಟ್ಟಬ್ಯಾಡ್ರಿ," ಎಂದರು. "ಅದು ಇತಿಹಾಸ. ಮೊದಲೆಲ್ಲಿತ್ತೋ ಅಲ್ಲೇ ಇರ್ಲಿ. ಆಕಿ ಖಾನಾವಳಿ ಅಷ್ಟ ಹೊರಗ ಸರಸ್ರಿ. ಬಡವ್ರಿಗೆ ಸಹಾಯ ಮಾಡ್ಬೇಕ್ರಿ."

"ಸರ್, ಅಲ್ಲಿ ಕಾಲುವಿ ಐತ್ರಿ."

"ನಕ್ಷಿದಾಗಿನ ಕಾಲುವ್ಯಾಗ ನೀರೇನು ಹರಿತೈತಿ?"

ನನ್ನ ಮೈ ಉರಿಯಿತು. ಮೌಸ್ ಬಿಟ್ಟು ಎದ್ದೆ. ಅವರೇ ಕುಳಿತು ಖಾನಾವಳಿಯನ್ನು ಎಳೆದುಕೊಂಡು ಹೋಗಿ ಕಾಲುವೆಯ ನಟ್ಟನಡುವೆ ಬಿಟ್ಟು, ಸಹಿ ಹಾಕಿ ಕಳಿಸಿದರು. ಸ್ಮಾರಕಗಳ ಗೆರೆ ನೋಡಿಕೊಳ್ಳುವ ಕಚೇರಿಯವರು ನೋಟಿಸ್ ಹಿಂದಕ್ಕೆ ಪಡೆದರು. ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಮಾಲೀಕರು ಉಪಕಾರ ಮಾಡಿದವರ ಗತ್ತಿನಲ್ಲಿ ಎರಡು ಸಲ ಹಾಕಿಸಿಕೊಂಡರು. ನಾನು ನನ್ನ ಪಾಲನ್ನು ಮುಟ್ಟಲಿಲ್ಲ.

ಆಮೇಲೆ ಕಾಲುವೆ ನೋಡಿಕೊಳ್ಳುವ ಕಚೇರಿಯಿಂದ ಅಕ್ಕನಿಗೆ ನೋಟಿಸ್ ಬಂತು: ಕಾಲುವೆಯಲ್ಲಿ ಕಟ್ಟಡ ಕಟ್ಟಿ ನೀರಿಗೆ ಅಡ್ಡಿ ಮಾಡಿದ್ದೀರಿ, ತೆರವುಗೊಳಿಸಿ.

"ನನ್ನ ಒಲಿ ಒಣಗೇ ಐತಲ್ಲೋ ತಮ್ಮಾ," ಎಂದಳು ಅಕ್ಕ. "ಒಬ್ರಾದ್ರೂ ಬಂದು ನೋಡಬಾರ್ದಾ?"

ಸರಿಯಾದ ನಕ್ಷೆಯನ್ನು ಪ್ರಿಂಟ್ ಹಾಕಿಸಿ ಆಕೆಯ ಜೊತೆ ಆ ಕಚೇರಿಗೆ ಹೋದೆ. ಇದಕ್ಕೆ ಸಹಿ ಎಲ್ಲಿ ಎಂದರು.

ಕೆಡವಲು ಬಂದ ಜೆಸಿಬಿಯವನು ನಕ್ಷೆ ತಂದಿರಲಿಲ್ಲ. ಖಾನಾವಳಿ ಎಲ್ಲಿ ಎಂದು ರಸ್ತೆಯಲ್ಲಿ ಯಾರನ್ನೋ ಕೇಳಿಕೊಂಡು, ಸೀದಾ ಅಕ್ಕನ ಒಲೆಯ ಮುಂದೆಯೇ ಬಂದು ನಿಂತ.