ನಾಲ್ಕನೇ ನಿಯಮ ಬರೆದ ಕುಶಾಲಪ್ಪ

ಕುಶಾಲಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅವನನ್ನು ನೆನೆದು ಅಳೋಣವೆಂದು ಕೂತಾಗಲೆಲ್ಲ ಗೆಳೆಯ ಆದಂಗೆ ನಗು ಬರುತ್ತದೆ. ಇದು ತನ್ನ ತಪ್ಪಲ್ಲ, ಹೋದವನದೇ ತಪ್ಪು ಎಂದು ಆದಂ ತೀರ್ಮಾನಿಸಿದ್ದಾನೆ.

ಇಬ್ಬರೂ ಕೊಲ್ಲಿ ನಾಡಿನ ರಿಫಾ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಉಳ್ಳಾಲದ ಆದಂ ಆಂಬುಲೆನ್ಸ್ ಓಡಿಸುತ್ತಿದ್ದ. ವಿರಾಜಪೇಟೆಯ ಕುಶಾಲಪ್ಪ ಹತ್ತೊಂಬತ್ತು ವರ್ಷ ಮುಂಬಾಗಿಲು ಕಾದು ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ. ಕೊಡಗಿನವನೆಂದು ತಿಳಿದ ಕೂಡಲೇ ಜನ ಮಿಲಿಟರಿಯಲ್ಲಿದ್ದಿರಾ ಎಂದು ಕೇಳುತ್ತಿದ್ದರು. "ಪಾದ ಚಪ್ಪಟೆ, ತಗೊಳ್ಳಲಿಲ್ಲ" ಎಂದು ಅವನು ಪ್ರತಿ ಸಲವೂ ಬೂಟು ಬಿಚ್ಚಲು ಹೊರಡುತ್ತಿದ್ದ. ಯಾರೂ ನೋಡಲು ಒಪ್ಪುತ್ತಿರಲಿಲ್ಲ.

ಆಸ್ಪತ್ರೆಯೊಳಗೆ ಆಯುಧ ತರುವವರ ಬಗ್ಗೆ ನಿಯಮ ಬರೆದು ಕೊಡು ಎಂದು ಮ್ಯಾನೇಜ್‌ಮೆಂಟು ಒಮ್ಮೆ ಅವನಿಗೇ ಹೇಳಿತು. ಕುಶಾಲಪ್ಪ ಒಂದು ವಾರ ರಜೆ ಹಾಕಿ ಬರೆದ. ಒಂದು, ಒಳಗೆ ಆಯುಧವಿಲ್ಲ. ಎರಡು, ಡ್ಯೂಟಿಯಲ್ಲಿರುವ ಪೊಲೀಸರಿಗೆ ವಿನಾಯಿತಿ. ಮೂರು, ಉಳಿದವರು ಯಾರೇ ಆಗಲಿ, ಕಾಯಿದೆಯ ಪ್ರಕಾರ ಇಟ್ಟುಕೊಳ್ಳುವ ಅಧಿಕಾರವಿದ್ದರೂ, ಬಾಗಿಲಲ್ಲಿ ಉಕ್ಕಿನ ಪೆಟ್ಟಿಗೆಗೆ ಹಾಕಿ ಟೋಕನ್ ಪಡೆಯಬೇಕು. ಇಷ್ಟಕ್ಕೇ ನಿಲ್ಲಿಸಿದ್ದ. ಆಮೇಲೊಂದು ದಿನ ಯಾರದೋ ಸೋದರಮಾವ ಉಡುಗೊರೆಗೆಂದು ತಂದ ಪ್ಲಾಸ್ಟಿಕ್ ಬಂದೂಕನ್ನು ಲಾಬಿಯಲ್ಲೇ ತಟತಟ ಎನಿಸಿ ನೋಡಿದ. ಮೂರು ತಿಂಗಳಿಂದ ಫಿಸಿಯೋಥೆರಪಿಗೆ ಬಗ್ಗದೆ ಗಾಲಿಕುರ್ಚಿಯಲ್ಲಿದ್ದ ಮುದುಕರೊಬ್ಬರು ಎದ್ದು ಪಾರ್ಕಿಂಗ್‌ವರೆಗೆ ಓಡಿದರು. ಅವರ ಮನೆಯವರು ಸಿಹಿ ಹಂಚಿದರು. ಕುಶಾಲಪ್ಪ ಮಾತ್ರ ನಾಲ್ಕನೇ ನಿಯಮ ಬರೆದ: ಕಟ್ಟಡದೊಳಗೆ ಆಯುಧದಂಥ ಆಟಿಕೆಯಾಗಲಿ, ಆಯುಧದಂಥ ಶಬ್ದವಾಗಲಿ ಕೂಡದು.

ಆ ನಿಯಮ ತಿರುಗಿ ಅವನನ್ನೇ ಹಿಡಿದದ್ದು ಕಳೆದ ವರ್ಷದ ರಂಜಾನಿನಲ್ಲಿ. ಮಗಳು ನಿಖಿತಾಳ ಹೆರಿಗೆ ಇದೇ ಆಸ್ಪತ್ರೆಯಲ್ಲಿ ಎಂದು ನಿಶ್ಚಯವಾಗಿತ್ತು. ಕೊಡಗಿನ ಅವರ ಮನೆತನದಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಒಂದು ಕೇಳಿದರೆ ನೆರೆಯವರು ನಗುತ್ತಾ ಬರುತ್ತಾರೆ, ಎರಡು ಕೇಳಿದರೆ ಸುಮ್ಮನೆ ಬರುತ್ತಾರೆ. ಹಿಂದೆ ಗಂಡುಮಗುವಿಗೆ ಮಾತ್ರವಿತ್ತು. ನಿಖಿತಾ ಹುಟ್ಟಿದಾಗ ಯಾರೂ ಬಂದೂಕು ಮುಟ್ಟಲಿಲ್ಲ. ಅದು ಕುಶಾಲಪ್ಪನ ಎದೆಯಲ್ಲಿ ಇಪ್ಪತ್ತೇಳು ವರ್ಷ ಮುಳ್ಳಿನಂತೆ ಕೂತಿತ್ತು.

"ಹೆಣ್ಣೋ ಗಂಡೋ, ನನ್ನ ಮೊಮ್ಮಗು ಗುಂಡಿನ ಸದ್ದು ಕೇಳ್ಬೇಕು. ಮಗಳಿಗೆ ಮಾತು ಕೊಟ್ಟಾಗಿದೆ" ಎಂದ.

"ಬಂದೂಕು ಎಲ್ಲಿಂದ ತರ್ತೀಯ ಮಾರಾಯ? ಇಲ್ಲಿ ಪಟಾಕಿ ಹೊಡೆದ್ರೂ ಒಳಗೆ ಹಾಕ್ತಾರೆ" ಎಂದ ಆದಂ.

"ಅದೇ ಯೋಚ್ನೆ."

ಕುಶಾಲಪ್ಪನ ಹೆಂಡತಿ ಬೊಳ್ಳಮ್ಮನಿಗೆ ಊರಿನಲ್ಲಿ ಚಿಣ್ಣಪ್ಪನೆಂಬ ತಮ್ಮನಿದ್ದ. ಫೋನ್ ಬಂದ ಕೂಡಲೇ ಅವನು ಅಂಗಳದಲ್ಲಿ ಗುಂಡು ಹಾರಿಸುವುದು, ಸದ್ದನ್ನು ವೀಡಿಯೋ ಕರೆಯಲ್ಲಿ ಮಗುವಿಗೆ ಕೇಳಿಸುವುದು ಎಂದಾಯಿತು. ಚಿಣ್ಣಪ್ಪ ಉತ್ಸಾಹಿ. ಮೂರು ದಿನ ಮೊದಲೇ ಬಂದೂಕು ಹಿಡಿದು ಕೂತ. ಎರಡನೆಯ ದಿನ ಫೋನ್ ಹೊಡೆದುಕೊಂಡದ್ದೇ ತಡ, ಢಂ ಎನಿಸಿಬಿಟ್ಟ. ಕರೆ ಮಾಡಿದ್ದು ಕ್ರೆಡಿಟ್ ಕಾರ್ಡ್ ಮಾರುವ ಹುಡುಗಿ. ಆರು ಮನೆಯವರು ಮಗು ಯಾವುದೆಂದು ಕೇಳಿಕೊಂಡು ಬಂದರು. ಅವರಿಗೆಲ್ಲ ಕಾಫಿ ಮಾಡಿಕೊಡಬೇಕಾಯಿತು.

ಆದರೆ ಯೋಜನೆಗೆ ಕೊಳ್ಳಿಯಿಟ್ಟವಳು ಹೆರಿಗೆ ವಾರ್ಡಿನ ನರ್ಸ್ ಉಷಾಲತಾ. ಪುತ್ತೂರಿನವಳು, ಇವರ ಮನೆಯ ಹುಡುಗಿಯಂತಿದ್ದಳು.

"ಫೋನಲ್ಲಿ ಗುಂಡಿನ ಶಬ್ದವಾ? ನಾಲ್ಕನೇ ನಿಯಮ ಓದಿ ಅಂಕಲ್."

"ನನಗೇ ಓದಿಸ್ತೀಯಾ?"

"ಕೆಳಗೆ ಸೈನ್ ಯಾರದ್ದುಂಟು ನೋಡಿ."

ಕುಶಾಲಪ್ಪ ಗೋಡೆಯ ಮೇಲಿನ ನಿಯಮಗಳ ಚೌಕಟ್ಟಿನ ಮುಂದೆ ನಿಂತು ನಾಲ್ಕನ್ನೂ ಓದಿದ. ಆಮೇಲೆ ಬಂದು ಆದಂನ ಪಕ್ಕದಲ್ಲಿ ಕೂತು, "ಹುಡುಗಿ ಹೇಳಿದ್ದು ಸರಿ" ಎಂದ. ಕಳ್ಳತನದಿಂದ ಕೇಳಿಸಿಬಿಡು ಎಂದು ಬೇರೆ ಯಾರಾದರೂ ಹೇಳಬಹುದಿತ್ತು. ಅವನನ್ನು ಬಲ್ಲ ಆದಂ ಹೇಳಲಿಲ್ಲ.

ಹೆರಿಗೆಯ ದಿನ ಮಧ್ಯಾಹ್ನ ಪೊಲೀಸ್ ಕ್ಯಾಪ್ಟನ್ ಒಬ್ಬರು ಹಲ್ಲುನೋವೆಂದು ಬಂದರು. ಸೊಂಟದಲ್ಲಿ ಪಿಸ್ತೂಲು, ಮೈಮೇಲೆ ಯೂನಿಫಾರ್ಮ್ ಇಲ್ಲ. ತನಗೆ ಕಾಯಿದೆಯ ಅನುಮತಿ ಇದೆ ಎಂದು ಕೆನ್ನೆ ಹಿಡಿದುಕೊಂಡೇ ಹಿಂದಿಯಲ್ಲಿ ಹೇಳಿದರು.

"ಕಾಯಿದೆ ನಿಮ್ಮದು ಸರ್, ಬಾಗಿಲು ನಮ್ಮದು" ಎಂದು ಕುಶಾಲಪ್ಪ ಅದೇ ಹಿಂದಿಯಲ್ಲಿ ಹೇಳಿ ಏಳನೇ ಟೋಕನ್ ಕೊಟ್ಟ. ಹಲ್ಲುನೋವಿನವರು ಹೆಚ್ಚು ವಾದಿಸುವುದಿಲ್ಲ.

ಹೀಗೆ, ಒಂದು ಗುಂಡಿಗಾಗಿ ಪರದಾಡುತ್ತಿದ್ದವನ ಮೊಣಕಾಲಿನ ಪಕ್ಕದಲ್ಲೇ ಇಡೀ ಪಿಸ್ತೂಲು ಬಂದು ಕೂತಿತು. ಬೀಗದ ಕೈ ಅವನ ಸೊಂಟದಲ್ಲಿ. ಅವನು ಕೀಲಿಗೊಂಚಲನ್ನು ಬಿಚ್ಚಿ ಆದಂನ ಕೈಗೆ ತುರುಕಿದ.

"ನೀನಿಟ್ಕೋ. ನಾನು ಕೇಳಿದ್ರೂ ಕೊಡ್ಬೇಡ."

"ಕೇಳು ನೋಡುವ."

"ಕೊಡು."

"ಇಲ್ಲ."

"ಭೇಷ್" ಎಂದು ಕುಶಾಲಪ್ಪ ಬೆವರು ಒರೆಸಿಕೊಂಡ.

ಐದು ಗಂಟೆ ಐದು ನಿಮಿಷಕ್ಕೆ ಉಷಾಲತಾ ಮೆಟ್ಟಿಲಿಳಿದು ಓಡಿ ಬಂದು ಹೆಣ್ಣುಮಗು ಎಂದಳು. ಕುಶಾಲಪ್ಪ ನಕ್ಕ, ಕೂತ, ಎದ್ದ, ಟೋಪಿ ತೆಗೆದ, ಹಾಕಿಕೊಂಡ. ಆಮೇಲೆ ಮುಖ ಸಣ್ಣದಾಯಿತು. "ಇದಕ್ಕೂ ಗುಂಡಿಲ್ಲ. ತಾಯಿ ಹಾಗೇ" ಎಂದ.

ಉಪವಾಸದಲ್ಲಿದ್ದ ಆದಂ ಖರ್ಜೂರದ ಡಬ್ಬಿ ಮೇಜಿನ ಮೇಲಿಟ್ಟು ಗಡಿಯಾರ ನೋಡಿದ. ಉಪವಾಸ ಬಿಡಲು ಇನ್ನೂ ಮುಕ್ಕಾಲು ಗಂಟೆ. ರಂಜಾನಿನಲ್ಲಿ ಸೂರ್ಯ ಮುಳುಗಿದ ಕೂಡಲೇ ರಿಫಾದ ಕೋಟೆಯಲ್ಲಿ ಹಾರಿಸುವ ತೋಪು ಕೇಳಿದ ಮೇಲೆಯೇ ಬಾಯಿಗೆ ಹಾಕುವುದು ಅವನ ಪದ್ಧತಿ. ಡಬ್ಬಿಯ ಮುಚ್ಚಳದ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. ಕುಶಾಲಪ್ಪನೂ ಅದೇ ಕೈಯನ್ನು ನೋಡುತ್ತಿದ್ದ. ಹತ್ತೊಂಬತ್ತು ರಂಜಾನುಗಳಲ್ಲಿ ಆ ತೋಪಿನ ಸದ್ದಿಗೆ ಇಬ್ಬರೂ ಕೂಡಿ ಖರ್ಜೂರ ತಿಂದಿದ್ದರು.

"ಅದು ನಮ್ಮ ಕಾಂಪೌಂಡಲ್ಲಿ ಇಲ್ಲ" ಎಂದ ಕುಶಾಲಪ್ಪ ಮೆಲ್ಲಗೆ.

"ಇಲ್ಲ."

"ಕಟ್ಟಡದೊಳಗೆ ಅಂತಲ್ವಾ ಬರ್ದಿರೋದು?"

"ನೀನೇ ಬರೆದದ್ದು."

ಇನ್ನು ಉಳಿದದ್ದು ಕಿಟಕಿ. ಏಸಿಗಾಗಿ ಎಲ್ಲ ಕಿಟಕಿಗಳೂ ಮುಚ್ಚಿಯೇ ಇರುತ್ತಿದ್ದವು. ಹೆರಿಗೆ ವಾರ್ಡಿದ್ದ ಮೂರನೇ ಮಹಡಿಯ ಕಾರಿಡಾರಿನ ಕೊನೆಯದೊಂದನ್ನು ಮಾತ್ರ, ಸೂಪರ್‌ವೈಸರ್‌ನ ಲಿಖಿತ ಅಪ್ಪಣೆಯಿದ್ದರೆ, ತೆಗೆಯಬಹುದಿತ್ತು. ಕುಶಾಲಪ್ಪ ತನಗೇ ಅರ್ಜಿ ಬರೆದ. ಕಾರಣ ಎಂಬಲ್ಲಿ ಗಾಳಿ ಎಂದು ತುಂಬಿದ. ಅರ್ಜಿಯನ್ನು ಮೇಜಿನ ಈ ಕಡೆಯಿಂದ ಆ ಕಡೆಗೆ ಸರಿಸಿ, ತಾನೂ ಆ ಕಡೆ ಹೋಗಿ ಕೂತು, ಓದಿ, ಮಂಜೂರು ಮಾಡಿದ. ಆದಂ ಗೋಡೆಗೆ ಒರಗಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಕೀಲಿಗೊಂಚಲು ಮರಳಿಸಿದ.

ಐದು ನಲವತ್ತೈದಕ್ಕೆ ಬೊಳ್ಳಮ್ಮ ಮಗುವನ್ನೆತ್ತಿಕೊಂಡು ಕಿಟಕಿಯ ಬಳಿ ನಿಂತಿದ್ದಳು. ನಿಖಿತಾಳನ್ನು ಮಂಚಸಹಿತ ಬಾಗಿಲವರೆಗೆ ತಳ್ಳಿಕೊಂಡು ಬಂದಿದ್ದರು. ಹಲ್ಲು ಕೀಳಿಸಿಕೊಂಡ ಕ್ಯಾಪ್ಟನ್ ಸಹ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದು ನಿಂತರು. ಮಗುವನ್ನು ನೋಡಲೆಂದು ಚಿಣ್ಣಪ್ಪ ಬೊಳ್ಳಮ್ಮನ ಫೋನಿನ ವೀಡಿಯೋದಲ್ಲಿದ್ದ.

ಕೋಟೆಯ ಕಡೆಯಿಂದ ತೋಪು ಹಾರಿತು. ಗಾಜು ಸಣ್ಣಗೆ ನಡುಗಿತು. ಮಗು ಕಣ್ಣು ಬಿಟ್ಟು, ಸೀನಿ, ಮತ್ತೆ ಮುಚ್ಚಿಕೊಂಡಿತು. ಕುಶಾಲಪ್ಪ ಸಲ್ಯೂಟ್ ಹೊಡೆದ, ಯಾರಿಗೆಂದು ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಫೋನಿನೊಳಗಿಂದ ಢಂ ಎಂದು ಇನ್ನೊಂದು ಸದ್ದು ಬಂತು. ತೋಪು ಕೇಳಿದ ಚಿಣ್ಣಪ್ಪ ಅದನ್ನೇ ಸೂಚನೆಯೆಂದುಕೊಂಡಿದ್ದ.

ಬೊಳ್ಳಮ್ಮ ಗಂಡನನ್ನು ನೋಡಿದಳು. "ಎರಡಾಯ್ತು" ಎಂದಳು. ಮಗುವನ್ನು ಎದೆಗೆ ಅವುಚಿಕೊಂಡಳು.

ಕುಶಾಲಪ್ಪನ ಮುಖ ಬಿಳುಚಿತು. ಎರಡು ದೇಶ, ಎರಡು ಅಂಗಳ, ಒಂದೊಂದೇ ಗುಂಡು ಎಂದು ಏನೋ ವಾದ ಶುರುಮಾಡಿದ. ಅದು ಅವನಿಗೇ ಒಪ್ಪಿಗೆಯಾಗಲಿಲ್ಲ. ಆಗ ಉಷಾಲತಾ ಜೇಬಿನಿಂದ ಒಂದು ರಬ್ಬರ್ ಕೈಗವಸು ತೆಗೆದು, ಐದು ಬೆರಳೂ ನಿಗುರಿ ನಿಲ್ಲುವಷ್ಟು ಊದಿ, ಬಾಯಿ ಗಂಟು ಹಾಕಿ, ಕುಶಾಲಪ್ಪನ ಶರ್ಟಿನ ಬ್ಯಾಡ್ಜಿನ ಪಿನ್ನಿಗೆ ಚುಚ್ಚಿದಳು.

ಫಟ್.

"ಮೂರು" ಎಂದಳು. "ಮೂರಕ್ಕೆ ನಿಮ್ಮಲ್ಲಿ ಏನಾದ್ರೂ ಅರ್ಥ ಉಂಟಾ?"

"ಇಲ್ಲ" ಎಂದಳು ಬೊಳ್ಳಮ್ಮ, ಮತ್ತು ನಗತೊಡಗಿದಳು. ನಿಖಿತಾ ಹೊಲಿಗೆ ಹಿಡಿದುಕೊಂಡು, ನಗಿಸಬೇಡಿ ನೋಯ್ತದೆ ಎನ್ನುತ್ತಲೇ ನಕ್ಕಳು. ಕ್ಯಾಪ್ಟನ್ನರ ಹತ್ತಿ ಹಾರಿ ಹೊರಬಿತ್ತು. ಉಪವಾಸ ಬಿಡುವುದನ್ನೇ ಆದಂ ಮರೆತಿದ್ದ. ಕುಶಾಲಪ್ಪ ಖರ್ಜೂರವೊಂದನ್ನು ತಾನೇ ಅವನ ಬಾಯಿಗೆ ಹಾಕಿದ.

ಆ ಸಂಜೆಯ ರಿಜಿಸ್ಟರ್ ಈಗಲೂ ಇದೆ. ಕುಶಾಲಪ್ಪನ ದುಂಡಕ್ಷರ. "ಮೊದಲ ಶಬ್ದ: ಕಾಂಪೌಂಡಿನ ಹೊರಗಿನದು, ಅನ್ವಯಿಸುವುದಿಲ್ಲ. ಎರಡನೆಯದು: ಫೋನಿನಿಂದ. ನಾಲ್ಕನೇ ನಿಯಮದ ಉಲ್ಲಂಘನೆ. ಹೊಣೆ ಕುಶಾಲಪ್ಪ, ಎಚ್ಚರಿಕೆ ನೀಡಲಾಗಿದೆ. ಮೂರನೆಯದು: ಕೇಳಿಸಲಿಲ್ಲ." ಅವನು ಹತ್ತೊಂಬತ್ತು ವರ್ಷದಲ್ಲಿ ಬರೆದ ಒಂದೇ ಸುಳ್ಳು ಅದು.

ಈ ವರ್ಷ ರಂಜಾನಿಗೆ ಹತ್ತು ದಿನವಿರುವಾಗ ಊಟದ ಬಿಡುವಿನಲ್ಲಿ ಅವನ ಎದೆ ನಿಂತುಹೋಯಿತು. ಆಸ್ಪತ್ರೆಯೊಳಗೇ ಇದ್ದ, ಡಾಕ್ಟರುಗಳು ಓಡಿ ಬಂದರು, ಆಗಲಿಲ್ಲ. ದಹನವೂ ಇಲ್ಲೇ ಆಯಿತು. ಊರಿನಲ್ಲಿ ಚಿಣ್ಣಪ್ಪನಿಗೆ ಬಂದೂಕು ಎತ್ತಲು ಕೈ ಬರಲಿಲ್ಲವಂತೆ. ಇಲ್ಲಿ ಎತ್ತಲು ಬಂದೂಕೇ ಇರಲಿಲ್ಲ.

ರಂಜಾನಿನ ಮೊದಲ ಸಂಜೆ ಆದಂ ಡಬ್ಬಿ ಹಿಡಿದು ಕೋಟೆಯ ಬಳಿ ಹೋಗಿ ನಿಂತ. ತೋಪು ಹಾರಿತು. ಒಂದು, ಎಂದು ಎಣಿಸಿದ. ಎರಡನೆಯ ಸಂಜೆ ಬೊಳ್ಳಮ್ಮನನ್ನೂ ಮಗುವನ್ನೂ ಕರೆದುಕೊಂಡು ಹೋದ. ತೋಪು ಹಾರಿದಾಗ ಮಗು ಬೆಚ್ಚಲಿಲ್ಲ, ಸೀನಿತು. ಬೊಳ್ಳಮ್ಮ ಅಳುತ್ತ ನಕ್ಕಳು, ಆದಂ "ಎರಡಾಯ್ತು" ಎಂದು ಅವಳಿಗೊಂದು ಖರ್ಜೂರ ಕೊಟ್ಟ.

ಮೂರನೆಯ ಸಂಜೆ ಅವನು ಹೋಗಲಿಲ್ಲ. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಏಸಿ ಜೋರು ಮಾಡಿ, ಗಡಿಯಾರ ನೋಡಿ ಉಪವಾಸ ಬಿಟ್ಟ. ಮೂರು ಕೇಳಿಸಿದರೆ ಕುಶಾಲಪ್ಪ ರಿಜಿಸ್ಟರ್ ತೆಗೆಯುತ್ತಿದ್ದ.