ಅಕ್ಕನ ದನಿಯ ತಳ

ಗೆಳೆಯರೆಲ್ಲ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದರು. ಅವನು ಮಿಕ್ಸಿಂಗ್ ಮಾಡಿದ ಹಿಪ್‌ಹಾಪ್ ಹಾಡು ಕಾರಿನಲ್ಲಿ ಹಾಕಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಬಟ್ಟೆಯಂಗಡಿಯ ಹಿಂದಿನ ಗೋದಾಮೇ ಅವನ ಸ್ಟುಡಿಯೋ. ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಆನಿಸಿದ್ದ.

ಅವನ ಅಕ್ಕ ಬಸ್ ಓಡಿಸುತ್ತಿದ್ದಳು. ಅವಳದು ಎದೆಯಾಳದಿಂದ ಬರುವ ದಪ್ಪ ದನಿ. ಫೋನಿನಲ್ಲಿ ಯಾರೇ ಆದರೂ "ಹೇಳಿ ಸಾರ್" ಅನ್ನುತ್ತಿದ್ದರು. "ಸಾರ್ ಡ್ಯೂಟಿಗೆ ಹೋಗಿದ್ದಾರೆ, ನಾನು ಅವರ ಹೆಂಡತಿ" ಎಂದು ಅದೇ ದನಿಯಲ್ಲಿ ಹೇಳಿ ಮನೆಯವರನ್ನು ನಗಿಸುತ್ತಿದ್ದಳು. ಸ್ಟೀರಿಂಗ್ ಹಿಡಿದೇ ಮನಸ್ಸಿನಲ್ಲಿ ಸಾಲು ಕಟ್ಟಿ, ನಲವತ್ತರ ಹೊಸ್ತಿಲಲ್ಲಿ ಮೊದಲ ಹಾಡು ಮಾಡಿದಳು. ತಾಳ, ತಳದಲ್ಲಿ ಗುಂಯ್‌ಗುಡುವ ಬೇಸ್, ಎರಡೂ ತಮ್ಮನವು.

ಮಿಕ್ಸಿಂಗ್‌ಗೆ ಕೂತಾಗ ತೊಡಕು ಬಂತು. ಡ್ರಮ್ಮಿನ ಕಿಕ್ ಎಂಬ ದಪ್ಪ ಬಡಿತ, ಉದ್ದಕ್ಕೆ ಎಳೆಯುವ ಬೇಸ್, ಎರಡಕ್ಕೂ ಬೇಕಾದದ್ದು ತಗ್ಗು ಸ್ವರಗಳ ಜಾಗವೇ. ಅವುಗಳ ಜಗಳ ಬಿಡಿಸುವುದು ಅವನಿಗೆ ದಿನದ ಕೆಲಸ. ಈ ಸಲ ಅಕ್ಕನ ದನಿಯೂ ಅಲ್ಲಿಗೇ ಬಂದು ಕೂತಿತ್ತು. ಬೇಸನ್ನು ಒಂಚೂರು ಸರಿಸಿದ್ದರೆ ಸಾಕಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಆ ಬೇಸ್ ಅವನ ಕೂಸು. ಫಿಲ್ಟರ್ ಹಾಕಿ ಅಕ್ಕನ ದನಿಯ ತಳವನ್ನೇ ಕತ್ತರಿಸಿಬಿಟ್ಟ.

ಹಾಡು ಹೊರಬಂತು. ಬೇಸ್ ಅಂದರೆ ಇದು ಎಂದು ಜನ ಅವನನ್ನು ಹೊಗಳಿದರು. ಹಾಡಿದವಳ ಬಗ್ಗೆ ಒಬ್ಬ, "ತಗಡು ಬಡಿದ ಹಾಗಿದೆ" ಎಂದು ಬರೆದ. ಡಿಪೋದಲ್ಲಿ ಅದನ್ನೇ ಓದಿ ನಕ್ಕರು. ಅಂದಿನಿಂದ ಅಕ್ಕ ಫೋನೆತ್ತಿದರೆ ದನಿ ಏರಿಸಿ, ತೆಳ್ಳಗೆ ಮಾತಾಡತೊಡಗಿದಳು. ಒಮ್ಮೆ ಸ್ಪೀಕರ್ ಹಾಕಿದ್ದಳು. ಆ ಕಡೆಯವರು "ಹೇಳಿ ಮೇಡಂ" ಅಂದರು. ಎದುರಿಗೆ ಊಟಕ್ಕೆ ಕೂತಿದ್ದ ತಮ್ಮ ಅರ್ಧಕ್ಕೇ ತಟ್ಟೆ ಸರಿಸಿ ಎದ್ದ.

ಮರುದಿನ ಹಾಡನ್ನು ಮತ್ತೆ ತೆರೆದ. ಬೇಸಿನ ಎಳೆತವನ್ನು ಮೊಟಕು ಮಾಡಿದ, ಅವಳ ಮಾತು ಬಂದಲ್ಲೆಲ್ಲ ಅದನ್ನು ತಗ್ಗಿಸಿದ, ಫಿಲ್ಟರ್ ತೆಗೆದ. ದನಿಗೆ ಎದೆ ಬಂತು. ಅವನಿಗೆ ಹಿಗ್ಗಾಗಲಿಲ್ಲ, ಇಷ್ಟು ಸುಲಭವಿತ್ತಲ್ಲ ಎಂಬುದೇ ಚುಚ್ಚಿತು.

ಅಕ್ಕನನ್ನು ಕರೆದು ಕೇಳಿಸಿದ. "ನಿನ್ನ ದನಿ ಚೆನ್ನಾಗೇ ಇತ್ತಕ್ಕ. ಕೆಡಿಸಿದ್ದು ನಾನೇ. ನನ್ನ ಬೇಸ್ ಎದ್ದು ಕೇಳ್ಲಿ ಅಂತ."

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಏನೋ ಕತ್ತರಿಸಿದೀಯ ಅಂತ ಮೊದಲ ಸಲ ಕೇಳಿದಾಗಲೇ ಗೊತ್ತಾಯ್ತು ಕಣೋ. ಇವನಿಗೂ ನನ್ನ ದನಿ ಅಂದ್ರೆ ನಾಚಿಕೆ ಅಂದ್ಕೊಂಡೆ."

"ಹಾಗಲ್ಲ ಅಕ್ಕ."

"ನಿನ್ನ ಕೇಳಬಹುದಿತ್ತು. ಹೌದು ಅಂದ್ಬಿಟ್ರೆ ಅಂತ ಹೆದರಿಕೆ ಆಯ್ತು."

ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಹೊಸ ಮಿಕ್ಸ್ ಬಿಟ್ಟರು. ಹಳೆಯದನ್ನು ಕೇಳಿದವರಲ್ಲಿ ಕಾಲುಭಾಗ ಜನವೂ ಅದನ್ನು ಕೇಳಲಿಲ್ಲ. ಎರಡನೆಯ ಹಾಡನ್ನೂ ಅಕ್ಕ ಅವನಿಗೇ ಕೊಟ್ಟಳು. ಆದರೆ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಬಂದು, ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಏನು ತೆಗೀತೀಯೋ, ಹೇಳಿ ತೆಗಿ" ಅಂದಳು.

ಅವನು ಒಂದೊಂದನ್ನೂ ಹೇಳಿಯೇ ತೆಗೆದ.